ಹಳೆ ಗಾಡಿಯ ಸ್ಟೀರಿಂಗ್ ಆಯಿಲ್ ಸೋರುತ್ತಿದೆಯೇ? ಮೊದಲು ಹೋಸ್ ನೋಡಿ

ಗಲ್ಫ್‌ನಿಂದ ರಜೆಗೆ ಬಂದವರ ಮನೆಗಳಲ್ಲಿ ಮೊದಲ ವಾರದ ಕೆಲಸಗಳು ಹೆಚ್ಚುಕಡಿಮೆ ಒಂದೇ. ನೆಂಟರ ಮನೆಗಳ ಪಟ್ಟಿ, ಬ್ಯಾಂಕ್, ಮಕ್ಕಳ ಶಾಲೆ, ಮತ್ತೆ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ಮಲಗಿದ ಗಾಡಿಯನ್ನು ಎಬ್ಬಿಸುವುದು. ಬ್ಯಾಟರಿ ಚಾರ್ಜ್ ಮಾಡಿ, ಟಯರಿಗೆ ಗಾಳಿ ಹೊಡೆಸಿ, ಒಂದು ಸರ್ತಿ ನೀರು ಸರ್ವಿಸ್ ಮಾಡಿಸಿದರೆ ಆಯ್ತು, ಗಾಡಿ ರೆಡಿ ಎಂದೇ ನಮ್ಮ ಲೆಕ್ಕ. ಮೂರನೇ ದಿನ ಬೆಳಿಗ್ಗೆ ಅಂಗಳದ ಇಂಟರ್‌ಲಾಕ್ ಮೇಲೆ ಕೆಂಪು ಕಲೆ ಕಾಣಿಸುತ್ತದೆ. ಮನೆಯ ಹಿರಿಯರು ಯಾರೋ ವೀಳ್ಯ ಉಗುಳಿದ್ದಾರೆಂದು ಮಕ್ಕಳನ್ನು ಬೈಯುವುದೂ ಉಂಟು. ಅದು ವೀಳ್ಯ ಅಲ್ಲ, ಪವರ್ ಸ್ಟೀರಿಂಗ್ ಆಯಿಲ್.

ಗಾಡಿಯ ಅಡಿಯಲ್ಲಿ ಬೀಳುವ ಹನಿಗೆ ಒಂದೊಂದು ಬಣ್ಣ ಉಂಟು. ಕಪ್ಪಾಗಿ ಜಿಡ್ಡಾಗಿದ್ದರೆ ಎಂಜಿನ್ ಆಯಿಲ್. ಬಣ್ಣವಿಲ್ಲದ ನೀರಾದರೆ ಎ.ಸಿ.ಯದ್ದು, ಅದಕ್ಕೆ ತಲೆಬಿಸಿ ಬೇಡ. ಹಸಿರು ಅಥವಾ ಗುಲಾಬಿ ಬಣ್ಣದ ನೀರಾದರೆ ರೇಡಿಯೇಟರಿನ ಕೂಲಂಟ್. ಸ್ಟೀರಿಂಗ್ ಆಯಿಲ್ ಹೆಚ್ಚಿನ ಗಾಡಿಗಳಲ್ಲಿ ಕೆಂಪು, ಹಳತಾದರೆ ಕಂದು. ಟೊಯೋಟಾ ಗಾಡಿಗಳಲ್ಲಿ ಕೂಲಂಟೂ ಕೆಂಪಗಿರುವುದರಿಂದ ಸ್ವಲ್ಪ ಗೊಂದಲ ಆಗ್ತದೆ. ಎರಡು ಬೆರಳ ನಡುವೆ ಉಜ್ಜಿ ನೋಡಿ. ಜಾರಿದರೆ ಆಯಿಲ್, ನೀರಿನ ಹಾಗೆ ಇದ್ದರೆ ಕೂಲಂಟ್.

ಈ ವಿಷಯವನ್ನು ಈ ಪುಟದಲ್ಲಿ ಬರೆಯಲು ಕಾರಣ ಉಂಟು. ನಮ್ಮಲ್ಲಿ ಹಳೆ ಗಾಡಿ ಮಾರುವ ಅಭ್ಯಾಸ ಕಡಿಮೆ. ಉಪ್ಪ ಸೌದಿಯಿಂದ ದುಡಿದು ತಂದ ದುಡ್ಡಿನಲ್ಲಿ ತೆಗೆದ ಗಾಡಿ ಎಂಬ ಮರ್ಯಾದೆ ಒಂದು ಕಡೆ, ಹತ್ತು ಹನ್ನೆರಡು ಜನ ಒಟ್ಟಿಗೆ ಹೋಗಬಹುದಾದ ಗಾಡಿ ಮತ್ತೆ ಸಿಗುವುದಿಲ್ಲ ಎಂಬ ಲೆಕ್ಕ ಇನ್ನೊಂದು ಕಡೆ. 2000ದಲ್ಲಿ ಬಂದು 2005ರ ಹೊತ್ತಿಗೆ ಇನ್ನೋವಾಕ್ಕೆ ಜಾಗ ಬಿಟ್ಟುಕೊಟ್ಟ ಕ್ವಾಲಿಸ್ ಇನ್ನೂ ಎಷ್ಟೋ ಅಂಗಳಗಳಲ್ಲಿ ನಿಂತಿದೆ. ಹಳೆ ಇನ್ನೋವಾ, ಟವೆರಾ, ಸ್ಕಾರ್ಪಿಯೋ, ಪವರ್ ಸ್ಟೀರಿಂಗ್ ಇರುವ ಸುಮೋ, ಬೊಲೆರೋ, ಆಕ್ಸೆಂಟ್, ಎಲ್ಲವೂ ಆಯಿಲ್‌ನಲ್ಲಿ ನಡೆಯುವ ಸ್ಟೀರಿಂಗಿನ ಗಾಡಿಗಳು. ಈಗಿನ ಸ್ವಿಫ್ಟ್, ಐ20 ಇತ್ಯಾದಿಗಳಲ್ಲಿ ಸ್ಟೀರಿಂಗಿಗೆ ಕರೆಂಟ್ ಮೋಟರ್, ಅವುಗಳಲ್ಲಿ ಆಯಿಲೂ ಇಲ್ಲ, ಹೋಸೂ ಇಲ್ಲ. ಹಾಗಾಗಿ ಈ ಲೇಖನ ಹಳೆ ಗಾಡಿ ಇಟ್ಟುಕೊಂಡವರಿಗೆ.

ಇನ್ನೊಂದು ಕಾರಣ, ಗಾಡಿ ಊರಲ್ಲಿ ಇದ್ದು ಯಜಮಾನ ದಮ್ಮಾಮಿನಲ್ಲೋ ದುಬೈಯಲ್ಲೋ ಇರುವ ಮನೆಗಳು ನಮ್ಮಲ್ಲಿ ಹೆಚ್ಚು. ಗ್ಯಾರೇಜಿನವರ ಜೊತೆ ಮಾತಾಡುವವರು ಮನೆಯ ಹೆಂಗಸರು, ಹಣ ಕಳಿಸುವವರು ಅಲ್ಲಿಯವರು, ಸೋರುವ ಜಾಗವನ್ನು ಇಬ್ಬರೂ ಕಣ್ಣಾರೆ ನೋಡಿರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಫೋಟೋ, ಅದರ ಕೆಳಗೆ ಒಂದು ಮೊತ್ತ, ಅಷ್ಟರ ಮೇಲೆ ತೀರ್ಮಾನ.

ನಮ್ಮ ಮನೆಯಲ್ಲಿ ಹೋದ ವರ್ಷ ಆದದ್ದೂ ಇದೇ. ಗಾಡಿ 2003ರ ಕ್ವಾಲಿಸ್. ಅಣ್ಣ ದಮ್ಮಾಮಿನಲ್ಲಿ, ಗಾಡಿ ಓಡಿಸುವುದು ಅತ್ತಿಗೆ. ಮಕ್ಕಳನ್ನು ಬಿಟ್ಟು ಬರುವಾಗ ತೊಕ್ಕೊಟ್ಟಿನಲ್ಲಿ ಯೂ-ಟರ್ನ್ ತೆಗೆಯುವ ಹೊತ್ತಿಗೆ ಸ್ಟೀರಿಂಗ್ ಒಮ್ಮೆಲೇ ಬಿಗಿಯಾಯಿತು, ಬಾನೆಟ್ ಒಳಗಿಂದ ಕುಂಯ್ ಎಂದು ನಾಯಿಮರಿ ಅತ್ತ ಹಾಗೆ ಸದ್ದು. ಹಿಂದೆ ಬಸ್ಸಿನವ ಹಾರ್ನ್ ಹೊಡೆಯುತ್ತಿದ್ದ. ಎರಡೂ ಕೈ ಹಾಕಿ ಎಳೆದು ಹೇಗೋ ತಿರುಗಿಸಿ ಬದಿಗೆ ತಂದರು. ಗ್ಯಾರೇಜಿನವರು ಗಾಡಿಯ ಅಡಿ ನೋಡಿ, ಸ್ಟೀರಿಂಗ್ ರ್ಯಾಕ್ ಪೂರ್ತಿ ಆಯಿಲ್‌ನಲ್ಲಿ ಮಿಂದಿದೆ, ರ್ಯಾಕ್ ಹೋಯ್ತು, ಬದಲಿಸಬೇಕು, 28 ಸಾವಿರ ಎಂದರು. ಅಣ್ಣನ ಮಗಳ ಪಿ.ಯು.ಸಿ. ಅಡ್ಮಿಷನ್‌ಗೆ ತೆಗೆದಿಟ್ಟ ದುಡ್ಡು ಆಗ ಮನೆಯಲ್ಲಿ ಇದ್ದದ್ದು ಹೆಚ್ಚುಕಡಿಮೆ ಅಷ್ಟೇ. ಸ್ಟೀರಿಂಗ್ ವಿಷಯದಲ್ಲಿ ಆಟ ಬೇಡ, ಮಾಡಿಸಿ ಬಿಡಿ ಎಂದು ಅಣ್ಣ ಅಲ್ಲಿಂದ ಹೇಳಿದ. ಹೆಂಡತಿ ಮಕ್ಕಳು ಕೂರುವ ಗಾಡಿ, ದೂರದಲ್ಲಿದ್ದವ ಬೇರೆ ಎಂತ ಹೇಳಿಯಾನು?

ತಡೆದದ್ದು ನಮ್ಮ ಮಾಮ. ಅವರು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳಲ್ಲಿ ಹದಿನೆಂಟು ವರ್ಷ ಸ್ಪ್ಯಾನರ್ ಹಿಡಿದವರು. ಐವತ್ತು ಡಿಗ್ರಿ ಬಿಸಿಲಿಗೆ ರಬ್ಬರ್ ಹೇಗೆ ಸಾಯುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಹೇಳಿದ್ದು ಒಂದೇ ಮಾತು: "ಹಂಚಿನ ಮನೆಯಲ್ಲಿ ಹುಟ್ಟಿದವರಲ್ವಾ ನೀವು? ಹಂಚು ಒಡೆದಲ್ಲೇ ನೀರು ಬೀಳ್ತದಾ?"

ನಮ್ಮ ಕಡೆಯವರಿಗೆ ಇದಕ್ಕಿಂತ ಸುಲಭದಲ್ಲಿ ಹೇಳ್ಲಿಕ್ಕೆ ಆಗ್ಲಿಕ್ಕಿಲ್ಲ. ಹಂಚು ಒಡೆದದ್ದು ಮೇಲೆ ಎಲ್ಲೋ, ನೀರು ಪಕ್ಕಾಸು ಹಿಡಿದು ಇಳಿದು ಬಂದು ಬೀಳುವುದು ಮಂಚದ ಮೇಲೆ. ಗಾಡಿಯಲ್ಲೂ ಹಾಗೆಯೇ. ಮೇಲೆ ಹೋಸಿನ ಕೊನೆಯಲ್ಲಿ ಜಿನುಗಿದ ಆಯಿಲ್ ಪೈಪ್ ಹಿಡಿದು ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಹರಡುತ್ತದೆ, ತೊಟ್ಟಿಕ್ಕುವುದು ಎಲ್ಲದಕ್ಕಿಂತ ಕೆಳಗಿರುವ ರ್ಯಾಕ್‌ನಿಂದ. ಅಡಿಗೆ ಬಗ್ಗಿ ನೋಡಿದವನಿಗೆ ರ್ಯಾಕ್ ಒದ್ದೆ ಕಾಣುತ್ತದೆ, ರ್ಯಾಕ್ ಹೋಗಿದೆ ಅಂತ ಹೇಳಿ ಬಿಡ್ತಾನೆ.

ಆಯಿಲ್ ಹೋಗುವ ದಾರಿ

ಹೋಸ್ ಯಾಕೆ ಸೋರುತ್ತದೆಂದು ತಿಳಿಯಬೇಕಾದರೆ ಆಯಿಲ್ ಯಾವ ದಾರಿಯಲ್ಲಿ ಹೋಗುತ್ತದೆಂದು ಗೊತ್ತಿರಬೇಕು. ಬಾನೆಟ್ ಒಳಗೆ ಚಿಕ್ಕ ಡಬ್ಬಿ ಒಂದು, ಅದರಲ್ಲಿ ಆಯಿಲ್. ಡಬ್ಬಿಯಿಂದ ಪಂಪಿಗೆ ಒಂದು ದಪ್ಪ ಹೋಸ್ ಇಳಿಯುತ್ತದೆ, ಕೆಲವು ಗಾಡಿಗಳಲ್ಲಿ ಡಬ್ಬಿ ಪಂಪಿನ ಮೇಲೆಯೇ ಕೂತಿರುತ್ತದೆ. ಪಂಪನ್ನು ತಿರುಗಿಸುವುದು ಎಂಜಿನಿನ ಬೆಲ್ಟ್. ಪಂಪಿನಿಂದ ರ್ಯಾಕ್‌ಗೆ ಹೋಗುವುದು ಪ್ರೆಶರ್ ಹೋಸ್. ಎರಡು ಕೊನೆಯಲ್ಲಿ ಕಬ್ಬಿಣದ ಪೈಪ್, ನಡುವೆ ರಬ್ಬರ್, ಎರಡನ್ನೂ ಸೇರಿಸಿ ಒತ್ತಿದ ಲೋಹದ ಬಳೆ. ಈ ಬಳೆ ಒತ್ತುವುದಕ್ಕೆ ಕ್ರಿಂಪ್ ಎನ್ನುತ್ತಾರೆ. ಕೆಲಸ ಮುಗಿದ ಆಯಿಲ್ ಡಬ್ಬಿಗೆ ಹಿಂತಿರುಗುವುದು ರಿಟರ್ನ್ ಹೋಸ್‌ನಲ್ಲಿ. ಇದು ಬರೀ ರಬ್ಬರ್, ಎರಡೂ ಕಡೆ ಕ್ಲಿಪ್.

ಪ್ರೆಶರ್ ಹೋಸ್ ಮತ್ತು ರಿಟರ್ನ್ ಹೋಸ್ ನೋಡುವುದಕ್ಕೆ ಅಣ್ಣತಮ್ಮಂದಿರ ಹಾಗೆ ಇದ್ದರೂ ಎರಡರ ಕೆಲಸಕ್ಕೆ ಅಜಗಜಾಂತರ. ಕಾರಿನ ಟಯರಿಗೆ ನಾವು ಹೊಡೆಸುವ ಗಾಳಿ 30ರಿಂದ 35 ಪಿ.ಎಸ್.ಐ. ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ಹಿಡಿದಾಗ ಪ್ರೆಶರ್ ಹೋಸಿನ ಒಳಗಿನ ಒತ್ತಡ ಸಾವಿರ ಪಿ.ಎಸ್.ಐ. ದಾಟುತ್ತದೆ. ಟಯರಿನ ಮೂವತ್ತು ಪಟ್ಟು, ಅದೂ ಬಿಸಿ ಆಯಿಲ್, ಬೆರಳು ದಪ್ಪದ ಹೋಸಿನಲ್ಲಿ! ನೇರ ರಸ್ತೆಯಲ್ಲಿ ಹೋಗುವಾಗ ಇದರ ಸಣ್ಣ ಒಂದು ಪಾಲು ಮಾತ್ರ. ಹಾಗಾಗಿಯೇ ಪ್ರೆಶರ್ ಹೋಸಿನ ಸೋರಿಕೆ ಗಾಡಿ ನಿಂತಾಗ ಕಾಣಿಸುವುದಿಲ್ಲ, ಪಾರ್ಕಿಂಗ್ ಮಾಡುವಾಗ ತಿರುಗಿಸಿದರೆ ಚಿಮ್ಮುತ್ತದೆ. ರಿಟರ್ನ್ ಹೋಸಿನಲ್ಲಿ ಒತ್ತಡ ಇಲ್ಲವೆಂದೇ ಹೇಳಬಹುದು, ಅದು ರಾತ್ರಿಯಿಡೀ ನಿಂತಲ್ಲೇ ಜಿನುಗುತ್ತದೆ. ಕಲೆ ಯಾವಾಗ ಬೀಳ್ತದೆ ಎಂದು ಗಮನಿಸಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಇಷ್ಟು ಒತ್ತಡ ಇದ್ದ ಮೇಲೆ ನಡುವೆ ರಬ್ಬರ್ ಯಾಕೆ, ಪೂರ್ತಿ ಕಬ್ಬಿಣ ಹಾಕಬಾರದೇ ಎಂದು ನಾವೂ ಕೇಳಿದ್ದೆವು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಅಲುಗಾಡುತ್ತದೆ, ರ್ಯಾಕ್ ಅಲುಗುವುದಿಲ್ಲ, ನಡುವೆ ಗಟ್ಟಿ ಪೈಪ್ ಇದ್ದರೆ ಬಿರುಕು ಬಿಡ್ತದೆ. ಇನ್ನೊಂದು, ಪಂಪ್ ಆಯಿಲನ್ನು ಒಂದೇ ಸಮನೆ ತಳ್ಳುವುದಿಲ್ಲ, ನಾಡಿಮಿಡಿತದ ಹಾಗೆ ತಳ್ಳುತ್ತದೆ. ರಬ್ಬರ್ ಉಬ್ಬಿ ಕುಗ್ಗಿ ಆ ಮಿಡಿತವನ್ನು ನುಂಗುತ್ತದೆ. ಇಲ್ಲದಿದ್ದರೆ ಸ್ಟೀರಿಂಗ್ ಹಿಡಿದ ಕೈಗೆ ಗುಂಯ್‌ಗುಡುವಿಕೆ ಬರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಹೊಸ ಹೋಸ್ ಮಾಡಿಸುವಾಗ ಬೇಕಾಗುತ್ತದೆ.

ಇಪ್ಪತ್ತು ವರ್ಷ ಎಂಜಿನಿನ ಬಿಸಿಗೆ ಬೆಂದ ರಬ್ಬರ್ ಒಳಗಿಂದ ಗಟ್ಟಿಯಾಗುತ್ತದೆ, ಬಳೆಯ ಹಿಡಿತ ಸಡಿಲವಾಗುತ್ತದೆ. ನಮ್ಮ ಕಡಲಕರೆಯ ಉಪ್ಪುಗಾಳಿಗೆ ಕಬ್ಬಿಣದ ಭಾಗಕ್ಕೆ ತುಕ್ಕು, ಮಳೆಗಾಲದ ಕೆಂಪು ಕೆಸರು ಅಡಿಯಲ್ಲಿ ಅಂಟಿ ಕೂತರೆ ತುಕ್ಕಿಗೆ ಇನ್ನೂ ಒಳ್ಳೆಯದು. ಓಡುವ ಗಾಡಿಗಿಂತ ನಿಂತ ಗಾಡಿಯ ಹೋಸ್ ಬೇಗ ಹಾಳಾಗುವುದನ್ನು ಮಾಮ ಎಷ್ಟೋ ಕಂಡಿದ್ದಾರೆ. ಹತ್ತು ತಿಂಗಳು ಅಲುಗದೆ ಒಣಗಿದ ರಬ್ಬರಿಗೆ ರಜೆಯ ಒಂದು ತಿಂಗಳು ಮದುವೆ, ವಲೀಮ, ಏರ್‌ಪೋರ್ಟ್, ಘಾಟಿ ಎಂದು ಒಮ್ಮೆಲೇ ಕೆಲಸ ಕೊಟ್ಟರೆ ಅದು ತಡೆಯುವುದು ಹೇಗೆ?

ಡಬ್ಬಿ ತುಂಬಿಸುತ್ತಾ ಹೋಗಬಹುದೇ?

ಹೆಚ್ಚಿನವರು ಮಾಡುವುದು ಇದನ್ನೇ. ಒಂದು ಬಾಟಲಿ ಆಯಿಲ್ ಡಿಕ್ಕಿಯಲ್ಲಿ ಇಟ್ಟುಕೊಂಡು ವಾರಕ್ಕೊಮ್ಮೆ ಹೊಯ್ಯುವುದು. ರಿಟರ್ನ್ ಹೋಸಿನ ಸಣ್ಣ ಜಿನುಗಿಗೆ ಇದು ಕೆಲವು ದಿನ ನಡೆದೀತು. ಪ್ರೆಶರ್ ಹೋಸಿಗೆ ಖಂಡಿತ ಬೇಡ. ಒಂದು, ಡಬ್ಬಿ ಖಾಲಿಯಾಗಿ ಪಂಪ್ ಒಣಗಿ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಒಳಗೆ ಗೀರು ಬಿದ್ದು ಪಂಪ್ ಕೆಟ್ಟುಹೋಗುತ್ತದೆ. ಪಂಪಿನ ಲೋಹದ ಪುಡಿ ರ್ಯಾಕ್‌ಗೆ ಹೋಗಿ ಅದರ ಸೀಲನ್ನೂ ತಿನ್ನುತ್ತದೆ. ಆಗ ಗ್ಯಾರೇಜಿನವರು ಹೇಳಿದ ರ್ಯಾಕ್ ಮಾತು ನಿಜವಾಗಿಯೇ ಬಿಡುತ್ತದೆ. ಎರಡು, ಚಿಮ್ಮಿದ ಆಯಿಲ್ ಬಿಸಿ ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಹೊಗೆ, ಗ್ರಹಚಾರ ಕೆಟ್ಟರೆ ಬೆಂಕಿ. ಬಾನೆಟ್ ಸಂದಿಯಿಂದ ಬಿಳಿ ಹೊಗೆಯೂ ಸುಟ್ಟ ಎಣ್ಣೆಯ ವಾಸನೆಯೂ ಬಂದರೆ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ, ಎಲ್ಲರನ್ನೂ ಇಳಿಸಿ. ಬೆಲ್ಟಿಗೆ ಆಯಿಲ್ ತಾಗಿದರೆ ಬೆಲ್ಟ್ ಜಾರುವುದು ಬೇರೆ.

ಸ್ಟೀರಿಂಗ್ ಬಗ್ಗೆ ಒಂದು ಹೆದರಿಕೆ ನಮ್ಮಲ್ಲಿ ಉಂಟು, ಆಯಿಲ್ ಹೋದರೆ ಸ್ಟೀರಿಂಗ್ ಲಾಕ್ ಆಗ್ತದೆ ಎಂದು. ಆಗುವುದಿಲ್ಲ. ಸ್ಟೀರಿಂಗಿನಿಂದ ಚಕ್ರಕ್ಕೆ ಕಬ್ಬಿಣದ ಕೊಂಡಿ ಇದ್ದೇ ಇರುತ್ತದೆ, ಆಯಿಲ್ ಬರೀ ಕೈಗೆ ಸಹಾಯ ಮಾಡುವುದು. ಆದರೆ ಡೀಸೆಲ್ ಎಂಜಿನಿನ ಭಾರ ಮುಂದಿನ ಚಕ್ರದ ಮೇಲೆ ಇರುವ ಗಾಡಿಯಲ್ಲಿ, ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ, ನಿರೀಕ್ಷೆಯೇ ಇಲ್ಲದಾಗ ಆ ಸಹಾಯ ಮಾಯವಾದರೆ ತೋಳಿನಲ್ಲಿ ಬಲ ಇಲ್ಲದವರಿಗೆ ಕಷ್ಟವೇ. ಗೊತ್ತಿದ್ದರೆ ಎರಡೂ ಕೈಯಲ್ಲಿ ಜೋರಾಗಿ ಎಳೆಯಬಹುದು, ಗೊತ್ತಿಲ್ಲದವರು ಗಾಬರಿಯಾಗಿ ಕೈ ಬಿಡ್ತಾರೆ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಇದನ್ನು ಹೇಳಿಕೊಡಿ.

ಸೋರಿಕೆ ನಿಲ್ಲಿಸುವ ಔಷಧಿ ಎಂದು ಬಾಟಲಿಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ಸೀಲಿನ ರಬ್ಬರನ್ನು ಉಬ್ಬಿಸಿ ಕೆಲಸ ಮಾಡುವವು. ಬಿರುಕು ಬಿಟ್ಟ ಹೋಸಿಗೂ ಸಡಿಲವಾದ ಬಳೆಗೂ ಅವುಗಳಿಂದ ಎಂತದ್ದೂ ಆಗುವುದಿಲ್ಲ. ಹೋಸಿಗೆ ಎಂಸೀಲ್ ಮೆತ್ತಿ ಮೇಲೆ ಟ್ಯೂಬ್ ರಬ್ಬರ್ ಸುತ್ತಿದ ಗಾಡಿಯನ್ನೂ ನಾವು ಕಂಡಿದ್ದೇವೆ. ಸಾವಿರ ಪಿ.ಎಸ್.ಐ. ಒತ್ತಡದ ಎದುರು ಎಂಸೀಲ್ ಎಂತ ಮಾಡೀತು ಮಾರಾಯ್ರೆ!

ಪೌಡರ್ ಹೇಳಿದ ಸತ್ಯ

ಮಾಮ ಬಂದವರು ಮೊದಲು ಸ್ಪ್ಯಾನರ್ ಮುಟ್ಟಲೇ ಇಲ್ಲ. ಪಂಪ್, ಹೋಸ್, ರ್ಯಾಕ್ ಎಲ್ಲವನ್ನೂ ಸೀಮೆಎಣ್ಣೆ ಹಾಕಿ ಬ್ರಶ್ಶಿನಲ್ಲಿ ತಿಕ್ಕಿ ತೊಳೆದರು. ಬಟ್ಟೆಯಲ್ಲಿ ಒರೆಸಿ, ಒಂದು ಗಂಟೆ ಒಣಗಲು ಬಿಟ್ಟರು. ಆಮೇಲೆ ಮಕ್ಕಳಿಗೆ ಹಾಕುವ ಪೌಡರಿನ ಡಬ್ಬಿ ತರಿಸಿ ಹೋಸಿನ ಮೇಲೆಲ್ಲ ಉದುರಿಸಿದರು. ಅತ್ತಿಗೆ ಗಾಡಿ ಸ್ಟಾರ್ಟ್ ಮಾಡಿ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಇದ್ದರು. ಐದು ನಿಮಿಷ ಆಗಿರಬಹುದು. ಬಿಳಿ ಪೌಡರ್ ಮೇಲೆ ಪ್ರೆಶರ್ ಹೋಸಿನ ಬಳೆಯ ಅಂಚಿನಿಂದ ಕೂದಲೆಳೆಯಷ್ಟು ಕೆಂಪು ಗೆರೆ ಇಳಿಯಿತು. ರ್ಯಾಕಿನ ಮೇಲಿನ ಪೌಡರ್ ಹಾಗೇ ಬಿಳಿಯಾಗಿತ್ತು.

ಅಷ್ಟಕ್ಕೇ ಅವರು ಬಿಡಲಿಲ್ಲ. ರ್ಯಾಕ್‌ನ ಎರಡು ತುದಿಯಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಬೂಟು ಇರುತ್ತದಲ್ಲ, ಅದರ ಕ್ಲಿಪ್ ಬಿಚ್ಚಿ ಒಳಗೆ ನೋಡಿದರು. ರ್ಯಾಕಿನ ಸೀಲ್ ಹೋಗಿದ್ದರೆ ಆಯಿಲ್ ಈ ಬೂಟಿನ ಒಳಗೆ ತುಂಬಿರುತ್ತದೆ. ನಮ್ಮದರಲ್ಲಿ ಒಣ ಗ್ರೀಸ್ ಬಿಟ್ಟರೆ ಬೇರೇನೂ ಇರಲಿಲ್ಲ. ಗ್ಯಾರೇಜಿನಲ್ಲಿ ರ್ಯಾಕ್ ಬದಲಿಸಬೇಕು ಎಂದರೆ ಜಗಳ ಮಾಡುವುದು ಬೇಡ, ಬೂಟಿನ ಒಳಗೆ ಆಯಿಲ್ ಉಂಟಾ, ತೊಳೆದು ಒಣಗಿಸಿ ನೋಡಿದ್ದೀರಾ ಎಂದು ಕೇಳಿದರೆ ಸಾಕು. ಅತ್ತಿಗೆ ಈಗ ಹಾಗೆಯೇ ಕೇಳುವುದು.

ಹೋಸ್ ಸೋರುವ ಜಾಗವನ್ನು ಹುಡುಕಲು ಎಂಜಿನ್ ಓಡುವಾಗ ಬರಿಗೈಯಲ್ಲಿ ಸವರಬೇಡಿ. ಸೂಜಿಮೊನೆಯ ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಚುಕ್ಕೆಯಷ್ಟೇ ಗಾಯ, ನೋವೂ ಮೊದಲಿಗೆ ಅಷ್ಟಿಲ್ಲ, ಒಳಗೆ ಮಾಂಸ ಕೊಳೆಯುತ್ತಾ ಹೋಗುತ್ತದೆ. ಹೈಡ್ರಾಲಿಕ್ ಯಂತ್ರಗಳ ಹತ್ತಿರ ಕೆಲಸ ಮಾಡುವವರು ಇದರಿಂದ ಬೆರಳು ಕಳೆದುಕೊಂಡದ್ದು ಉಂಟು. ಅಂಥ ಗಾಯಕ್ಕೆ ಬ್ಯಾಂಡೇಜ್ ಸುತ್ತಿ ಮನೆಯಲ್ಲಿ ಕೂರುವ ಹಾಗಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಿ ಎಂತದ್ದು ಹೊಕ್ಕಿದೆ ಎಂದು ಹೇಳಬೇಕು. ಹುಡುಕುವುದಾದರೆ ಒಂದು ರಟ್ಟಿನ ತುಂಡು ಹಿಡಿಯಿರಿ, ಒದ್ದೆಯಾದಲ್ಲಿ ತೂತು.

ಹೋಸ್ ಎಲ್ಲಿಂದ ತರುವುದು

ನಿಂತುಹೋದ ಮಾಡೆಲಿಗೆ ಕಂಪೆನಿಯ ಹೋಸ್ ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಸಿಗುವುದಾದರೆ ಅದೇ ಒಳ್ಳೆಯದು. ಗುಜರಿಯಿಂದ ಹಳೆ ಗಾಡಿಯ ಹೋಸ್ ತರುವುದು ಮಾತ್ರ ಬೇಡ. ಅದಕ್ಕೂ ನಿಮ್ಮ ಹೋಸಿನಷ್ಟೇ ಪ್ರಾಯ.

ನಮಗೆ ಸಿಗಲಿಲ್ಲ. ಹಳೆ ಹೋಸನ್ನು ಬಿಚ್ಚಿ ಬೈಕಂಪಾಡಿಯ ಕಡೆ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡುವ ಅಂಗಡಿಗೆ ಕೊಂಡುಹೋದೆವು. ಜೆಸಿಬಿಗೆ, ಲಾರಿಗೆ, ಬೋಟಿಗೆ ಹೋಸ್ ಮಾಡಿಕೊಡುವವರು. ಎರಡು ಕೊನೆಯ ಕಬ್ಬಿಣದ ಪೈಪ್ ಹಾಗೇ ಇಟ್ಟುಕೊಂಡು ನಡುವಿನ ರಬ್ಬರ್ ಮಾತ್ರ ಹೊಸತು ಹಾಕಿ ಬಳೆ ಒತ್ತಿ ಕೊಡ್ತಾರೆ. ಇಲ್ಲಿ ಮಾಮ ಒಂದು ವಿಷಯಕ್ಕೆ ಹಠ ಹಿಡಿದರು. ಜೆಸಿಬಿಯ ತಂತಿ ಹೆಣೆದ ಹೋಸ್ ಒತ್ತಡ ತಡೆಯುತ್ತದೆ, ಅದರಲ್ಲಿ ಅನುಮಾನ ಇಲ್ಲ, ಆದರೆ ಅದು ಉಬ್ಬುವುದಿಲ್ಲ. ಪಂಪಿನ ಮಿಡಿತ ನುಂಗುವುದಿಲ್ಲ, ಸ್ಟೀರಿಂಗ್ ಗುಂಯ್‌ಗುಡುತ್ತದೆ. ಪವರ್ ಸ್ಟೀರಿಂಗಿಗೆಂದೇ ಮಾಡಿದ ಹೋಸಿನ ಮೇಲೆ ಎಸ್‌ಎಇ ಜೆ188 ಎಂದು ಅಚ್ಚಾಗಿರುತ್ತದೆ, ರಿಟರ್ನ್ ಹೋಸಿನ ಮೇಲೆ ಜೆ189. ಅದನ್ನೇ ಹುಡುಕಿಸಿದರು. ಉದ್ದ ಹಳೆಯದರಷ್ಟೇ ಇರಬೇಕು, ಎರಡು ಕೊನೆಯ ಬಾಗು ಯಾವ ದಿಕ್ಕಿಗೆ ಇತ್ತೋ ಅದೇ ದಿಕ್ಕಿಗೆ ಇರಬೇಕು. ಬಿಚ್ಚುವ ಮೊದಲೇ ಕಬ್ಬಿಣ, ರಬ್ಬರ್ ಎರಡರ ಮೇಲೂ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದು, ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಟ್ಟುಕೊಂಡದ್ದು ಇಲ್ಲಿ ಉಪಯೋಗಕ್ಕೆ ಬಂತು.

ರಿಟರ್ನ್ ಹೋಸನ್ನೂ ಜೊತೆಯಲ್ಲೇ ಬದಲಿಸಿದೆವು, ಅದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಇದರಲ್ಲಿ ಒಂದು ಮೋಸ ಉಂಟು. ರೇಡಿಯೇಟರಿನ ನೀರಿನ ಹೋಸ್ ನೋಡಲು ಹೀಗೆಯೇ ಇರುತ್ತದೆ, ಅಳತೆಯೂ ಸರಿಹೋಗುತ್ತದೆ, ಹಾಕಿದ ದಿನ ಸೋರುವುದೂ ಇಲ್ಲ. ಆದರೆ ನೀರಿಗೆ ಮಾಡಿದ ಆ ರಬ್ಬರ್ ಆಯಿಲ್ ತಾಗಿದರೆ ನೆನೆದ ಅವಲಕ್ಕಿಯ ಹಾಗೆ ಉಬ್ಬಿ ಮೆತ್ತಗಾಗುತ್ತದೆ. ಸ್ವಲ್ಪ ಸಮಯದಲ್ಲಿ ಕ್ಲಿಪ್ಪಿನ ಅಡಿಯಿಂದ ಕಳಚಿಕೊಳ್ಳುತ್ತದೆ, ಆಗ ಡಬ್ಬಿಯಲ್ಲಿದ್ದ ಆಯಿಲ್ ಎಲ್ಲ ಒಮ್ಮೆಲೇ ರಸ್ತೆಗೆ. ಆಯಿಲ್ ತಡೆಯುವ ನೈಟ್ರೈಲ್ ರಬ್ಬರಿನ ಹೋಸ್ ಎಂದು ಕೇಳಿಯೇ ತೆಗೆದುಕೊಳ್ಳಬೇಕು.

ಬಿಚ್ಚಿ ಹಾಕುವ ಕೆಲಸ

ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದವರಿಗೆ ಇದು ಅರ್ಧ ದಿನದ ಕೆಲಸ. ಇಲ್ಲದವರು ಗ್ಯಾರೇಜಿಗೆ ಕೊಡಿ, ಆದರೆ ಹತ್ತಿರ ನಿಂತು ನೋಡಿ.

ಗಾಡಿಯ ಮುಂಭಾಗ ಎತ್ತಿದ ಮೇಲೆ ಅಡಿಗೆ ಸ್ಟ್ಯಾಂಡ್ ಕೊಡಬೇಕು. ನಮ್ಮಲ್ಲಿ ಅಂಗಳದಲ್ಲಿ ಬಿದ್ದಿರುವ ಕೆಂಪುಕಲ್ಲು ಇಟ್ಟು ಕೆಳಗೆ ನುಗ್ಗುವವರನ್ನು ಎಷ್ಟು ಕಂಡಿಲ್ಲ! ಮನೆ ಕಟ್ಟಲು ಒಳ್ಳೆಯ ಕಲ್ಲೇ ಅದು, ಗೋಡೆಯಲ್ಲಿ ಭಾರ ಹೊರುತ್ತದೆ. ಆದರೆ ಕಬ್ಬಿಣದ ಒಂದು ಮೂಲೆ ಅದರ ಮೇಲೆ ಕೂತರೆ ಹೇಳದೆ ಕೇಳದೆ ಎರಡು ಹೋಳಾಗುತ್ತದೆ. ಜ್ಯಾಕ್ ಒಂದನ್ನೇ ನಂಬುವುದೂ ಬೇಡ.

ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಆಯಿಲ್ ಹೊಡೆದಿಟ್ಟರೆ ಬೆಳಿಗ್ಗೆ ಅರ್ಧ ಕೆಲಸ ಕಡಿಮೆ. ಪೈಪಿನ ನಟ್ಟಿಗೆ ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ನಟ್ಟು ಗುಂಡಗಾಗುತ್ತದೆ. ಅದಕ್ಕೆ ಐದು ಬದಿ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಎಂದೇ ಬೇರೆ ಉಂಟು. ಪಂಪಿನ ಕೊನೆಯಲ್ಲಿ ಹೆಚ್ಚಾಗಿ ತೂತು ಇರುವ ಬೋಲ್ಟ್ ಇರುತ್ತದೆ, ಅದರ ಎರಡೂ ಬದಿಗೆ ತಾಮ್ರದ ವಾಶರ್. ಈ ವಾಶರ್ ಒಂದು ಸಲ ಅದುಮಿದ ಮೇಲೆ ಅದರ ಆಯುಷ್ಯ ಮುಗಿಯಿತು. ಹಳೆಯ ಮೇಸ್ತ್ರಿಗಳು ಅದನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಹಾಕುತ್ತಿದ್ದರು. ಹೊಸತಕ್ಕೆ ಕೆಲವೇ ರೂಪಾಯಿ ಆಗುವಾಗ ಆ ಉಳಿತಾಯ ಯಾಕೆ? ಹೊಸ ಹೋಸ್ ಹಾಕಿಯೂ ಸೋರುತ್ತಿದೆ ಎಂದು ಗಾಡಿ ತಿರುಗಿ ಬರುವುದು ಹೆಚ್ಚಾಗಿ ಈ ವಾಶರಿನಿಂದಲೇ ಎಂದು ಮಾಮ ಹೇಳುವುದು.

ಎರಡೂ ಕೊನೆಯನ್ನು ಮೊದಲು ಕೈಯಲ್ಲೇ ಹಿಡಿಸಿ, ಹೋಸ್ ತಿರುಚಿಕೊಂಡಿಲ್ಲ, ಮ್ಯಾನಿಫೋಲ್ಡಿಗೂ ಬೆಲ್ಟಿಗೂ ತಾಗುವುದಿಲ್ಲ ಎಂದು ನೋಡಿದ ಮೇಲೆ ಬಿಗಿ ಮಾಡಬೇಕು. ಹೋಸನ್ನು ಹಿಡಿದಿಡುವ ಚಿಕ್ಕ ಬ್ರಾಕೆಟ್‌ಗಳನ್ನು ಉಳಿಕೆ ಎಂದು ಡಬ್ಬಕ್ಕೆ ಹಾಕಬೇಡಿ, ಅವು ಇಲ್ಲದಿದ್ದರೆ ಹೋಸ್ ಉಜ್ಜಿ ಉಜ್ಜಿ ಹರಿಯುತ್ತದೆ.

ಆಯಿಲ್ ಯಾವುದು ಎಂಬುದು ಡಬ್ಬಿಯ ಮುಚ್ಚಳದ ಮೇಲೆಯೋ ಗಾಡಿಯ ಪುಸ್ತಕದಲ್ಲೋ ಬರೆದಿರುತ್ತದೆ. ನಮ್ಮ ಕ್ವಾಲಿಸಿಗೆ ಹಾಕಿದ್ದು ಡೆಕ್ಸ್‌ರಾನ್ ಎಟಿಎಫ್, ಕೆಂಪು ಆಯಿಲ್. ಹೋಂಡಾದವರಿಗೆ ಅವರದ್ದೇ ಬೇರೆ, ಕೆಲವು ಯುರೋಪಿನ ಕಾರುಗಳಿಗೆ ಹಸಿರು. ಬ್ರೇಕ್ ಆಯಿಲ್ ಯಾವ ಕಾರಣಕ್ಕೂ ಹಾಕಬೇಡಿ. ಅದು ಹೆಸರಿಗೆ ಆಯಿಲ್, ಜಾತಿಯೇ ಬೇರೆ, ಒಳಗಿನ ಸೀಲುಗಳನ್ನೆಲ್ಲ ಹಾಳು ಮಾಡುತ್ತದೆ. ಅರ್ಜೆಂಟಿಗೆ ಮನೆಯಲ್ಲಿ ಇದ್ದದ್ದನ್ನು ಹೊಯ್ದು ಪಂಪ್, ರ್ಯಾಕ್ ಎರಡನ್ನೂ ಕೆಡಿಸಿಕೊಂಡವರು ಇದ್ದಾರೆ.

ಇನ್ನು ಗಾಳಿ ತೆಗೆಯುವುದು. ಅವಸರ ಮಾಡಿದರೆ ಕೆಡುವ ಹಂತ ಇದು. ಮುಂದಿನ ಚಕ್ರ ನೆಲ ಬಿಟ್ಟಿರುವಾಗಲೇ, ಎಂಜಿನ್ ಬಂದ್ ಇರುವಾಗಲೇ, ಡಬ್ಬಿ ತುಂಬಿಸಿ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಹದಿನೈದು ಇಪ್ಪತ್ತು ಸಲ. ಡಬ್ಬಿಯಲ್ಲಿ ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿಸಬೇಕು. ನಮ್ಮಲ್ಲಿ ಈ ಕೆಲಸಕ್ಕೆ ಮಕ್ಕಳಲ್ಲಿ ಪೈಪೋಟಿ ಬಿತ್ತು. ಗುಳ್ಳೆ ನಿಂತ ಮೇಲಷ್ಟೇ ಎಂಜಿನ್ ಸ್ಟಾರ್ಟ್. ಆಗಲೂ ಆಕ್ಸಿಲೇಟರ್ ಕೊಡದೆ ಹಾಗೆಯೇ ತಿರುಗಿಸಬೇಕು, ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದು. ಆಯಿಲ್ ಹಾಲು ಹಾಕಿದ ಚಹಾದ ಹಾಗೆ ನೊರೆ ನೊರೆಯಾದರೆ ಒಳಗೆ ಗಾಳಿ ಉಂಟು ಎಂದರ್ಥ. ಬಂದ್ ಮಾಡಿ ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಬೇಕು. ನಮ್ಮದರಲ್ಲಿ ಎರಡು ಸಲ ಹಾಗೆ ಆಯಿತು. ಮೂರನೆಯದಕ್ಕೆ ನಾಯಿಮರಿಯ ಅಳು ನಿಂತು, ಅತ್ತಿಗೆ ಒಂದು ಬೆರಳಿನಲ್ಲಿ ಸ್ಟೀರಿಂಗ್ ತಿರುಗಿಸಿ ತೋರಿಸಿದರು.

ಹೋಸ್, ಕ್ರಿಂಪ್, ವಾಶರ್, ಕ್ಲಿಪ್, ಎರಡು ಲೀಟರ್ ಆಯಿಲ್ ಎಲ್ಲ ಸೇರಿ ಖರ್ಚಾದದ್ದು ಮೂರು ಸಾವಿರದ ಒಳಗೆ. ಮಾಮ ಕೂಲಿ ತೆಗೆದುಕೊಳ್ಳಲಿಲ್ಲ, ಮಧ್ಯಾಹ್ನ ನೈಪತ್ತಿರಿಯೂ ಕೋಳಿ ಸಾರೂ ಉಂಡು ಹೋದರು. ಅಡ್ಮಿಷನ್ ದುಡ್ಡು ಆ ವಾರ ಕಾಲೇಜಿಗೆ ಕಟ್ಟಿ ಆಯಿತು.

ಎಲ್ಲ ಗಾಡಿಯ ಕಥೆಯೂ ಮೂರು ಸಾವಿರಕ್ಕೆ ಮುಗಿಯುವುದಿಲ್ಲ. ಬೂಟಿನ ಒಳಗೆ ನಿಜವಾಗಿಯೂ ಆಯಿಲ್ ತುಂಬಿದ್ದರೆ, ಸ್ಟೀರಿಂಗಿನಲ್ಲಿ ಆಟ ಬಂದಿದ್ದರೆ ರ್ಯಾಕಿನ ಕೆಲಸ ಆಗಲೇಬೇಕು, ಅದನ್ನು ಹೇಳಿದ ಗ್ಯಾರೇಜಿನವರನ್ನು ಅನುಮಾನದಿಂದ ನೋಡುವುದೂ ಸರಿಯಲ್ಲ. ಒದ್ದೆ ಗಾಡಿಯ ಅಡಿ ಬಗ್ಗಿ ನೋಡಿ ಸೋರುವ ಜಾಗ ಹೇಳುವುದು ಯಾರಿಗೂ ಕಷ್ಟವೇ. ತೊಳೆದು ಒಣಗಿಸಲು ಹಿಡಿಯುವ ಎರಡು ಗಂಟೆಗೆ ಕೂಲಿ ಕೊಡಲು ನಾವೂ ತಯಾರಿರಬೇಕಲ್ಲ. ಹದಿನೈದು ವರ್ಷ ಕಳೆದ ಗಾಡಿಯ ಆರ್.ಸಿ. ಐದೈದು ವರ್ಷಕ್ಕೆ ನವೀಕರಿಸುವಾಗ ಆರ್.ಟಿ.ಒ. ಮುಂದೆ ಗಾಡಿ ತೋರಿಸಬೇಕಾಗುತ್ತದೆ. ಅದಕ್ಕೆ ಮೊದಲು ಇದೊಂದನ್ನು ನೋಡಿಸಿಟ್ಟರೆ ಆ ದಿನ ಓಡಾಟ ಕಡಿಮೆ.

ಹೊಸ ಹೋಸ್ ಹಾಕಿದ ಮೇಲೆ ಒಂದು ವಾರ ದಿನಾ ಬೆಳಿಗ್ಗೆ ಡಬ್ಬಿಯ ಮಟ್ಟ ನೋಡಿ. ಎಂಜಿನ್ ತಣ್ಣಗಿರುವಾಗ ಒಂದು ಗೆರೆ, ಬಿಸಿ ಇರುವಾಗ ಇನ್ನೊಂದು ಗೆರೆ, ಎರಡೂ ಡಬ್ಬಿಯಲ್ಲೋ ಮುಚ್ಚಳದ ಕಡ್ಡಿಯಲ್ಲೋ ಇರುತ್ತದೆ. ರಜೆ ಮುಗಿಸಿ ಹೋಗುವವರು ಗಾಡಿಯನ್ನು ಹಾಗೆಯೇ ಟಾರ್ಪಾಲ್ ಹಾಕಿ ಬಿಡದೆ, ಮನೆಯಲ್ಲಿರುವ ಯಾರಾದರೂ ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಸ್ಟೀರಿಂಗನ್ನು ನಾಲ್ಕು ಸಲ ಎಡಕ್ಕೆ ಬಲಕ್ಕೆ ತಿರುಗಿಸುವ ಹಾಗೆ ಹೇಳಿ ಹೋಗಿ. ಹತ್ತು ನಿಮಿಷದ ಕೆಲಸ.

ಬಿಚ್ಚಿದಾಗ ಇಳಿದ ಹಳೆ ಆಯಿಲನ್ನು ತೆಂಗಿನ ಬುಡಕ್ಕೋ ಚರಂಡಿಗೋ ಚೆಲ್ಲಬೇಡಿ. ನಮ್ಮ ಅಂಗಳಗಳಲ್ಲಿ ಬಾವಿ ಹತ್ತೇ ಹೆಜ್ಜೆ ದೂರ, ಕೆಂಪುಮಣ್ಣು ಎಲ್ಲವನ್ನೂ ಇಂಗಿಸಿಕೊಳ್ಳುತ್ತದೆ. ಖಾಲಿ ಬಾಟಲಿಗೆ ತುಂಬಿಸಿ ಹತ್ತಿರದ ಗ್ಯಾರೇಜಿಗೆ ಕೊಟ್ಟರೆ ಅವರ ಹಳೆ ಆಯಿಲಿನ ಡ್ರಮ್ಮಿಗೆ ಸೇರಿಸುತ್ತಾರೆ. ಇಂಟರ್‌ಲಾಕ್ ಮೇಲಿನ ಕೆಂಪು ಕಲೆಗೆ ಮರದ ಪುಡಿ ಹಾಕಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಸೋಪಿನ ಪುಡಿ ಹಾಕಿ ತಿಕ್ಕಿದರೆ ಹೆಚ್ಚಿನಂಶ ಹೋಗುತ್ತದೆ.